ಮೂವತ್ತು ಕಿಲೋಮೀಟರ್ ಸಾಕು

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಕೋಲಾರದ ಬಳಿ ರಾಷ್ಟ್ರೀಯ ಹೆದ್ದಾರಿ 75ರ ಪಕ್ಕ ನಿಂತರೆ ಬೈಕುಗಳ ದಂಡೇ ಹಾದುಹೋಗುತ್ತದೆ. ಮೈಗೆ ಜಾಕೆಟ್ಟು, ಮೊಣಕಾಲಿಗೆ ಗಾರ್ಡು, ಹೆಲ್ಮೆಟ್ಟಿನ ನೆತ್ತಿಯ ಮೇಲೊಂದು ಕ್ಯಾಮೆರಾ. ಬಹುಪಾಲು ಮಂದಿಯ ಗುರಿ ಮುಳಬಾಗಿಲು ದೋಸೆ. ದಾರಿಯಲ್ಲಿ ಯಾವುದಾದರೂ ಗುಡಿ ಸಿಕ್ಕರೆ ಅದರ ಮುಂದೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಒಂದು ಪಟ, ಹನ್ನೊಂದಕ್ಕೆಲ್ಲ ಮತ್ತೆ ಬೆಂಗಳೂರು. ದೋಸೆಯ ಬಗ್ಗೆ ನನ್ನ ತಕರಾರಿಲ್ಲ. ಅಂಚು ಗರಿಗರಿಯಾಗಿ ನಡು ಮೆತ್ತಗಿರುವ ಆ ದೋಸೆಗೆ ಅಷ್ಟು ದೂರ ಬರುವುದು ನ್ಯಾಯವೇ. ತಕರಾರಿರುವುದು ಗುಡಿಗೆ ಸಿಕ್ಕ ಹತ್ತು ನಿಮಿಷದ ಬಗ್ಗೆ.

ಬೆಂಗಳೂರಿನವರನ್ನು ಆಡಿಕೊಂಡು ನಾವು ಸುಮ್ಮನಿರುವಂತಿಲ್ಲ. ಕೋಲಾರದಲ್ಲೇ ಹುಟ್ಟಿ ಬೆಳೆದು, ಕಂತಿನ ಮೇಲೆ ದೊಡ್ಡ ಬೈಕು ತಂದು, ಲಡಾಖಿಗೆ ಹೋಗಲು ಮೂರು ವರ್ಷದಿಂದ ದುಡ್ಡು ಕೂಡಿಡುತ್ತಿರುವ ಹುಡುಗರಿದ್ದಾರೆ. ಹೋಗಲಿ, ಸಂತೋಷ. ಆದರೆ ಆವಣಿ ನೋಡಿದ್ದೀಯಾ ಅಂದರೆ, ‘ಚಿಕ್ಕವನಿದ್ದಾಗ ಜಾತ್ರೆಗೆ ಹೋಗಿದ್ದೆ ಸಾರ್’ ಅನ್ನುತ್ತಾರೆ. ದೂರದ್ದಕ್ಕೆ ಕಾಯುತ್ತಾ ಹತ್ತಿರದ್ದನ್ನು ಮುಂದೂಡುವ ಈ ಚಾಳಿ ಪ್ರವಾಸಕ್ಕಷ್ಟೇ ಅಂಟಿಕೊಂಡದ್ದಲ್ಲ. ದೊಡ್ಡ ರಜೆ ಬಂದಾಗ ಓದುತ್ತೇನೆ, ದೊಡ್ಡ ಮನೆ ಕಟ್ಟಿದಾಗ ಗಿಡ ಹಾಕುತ್ತೇನೆ ಎನ್ನುವವರೂ ಇದೇ ಜಾತಿ. ಇದಕ್ಕೆ ನನಗೆ ಗೊತ್ತಿರುವ ಒಂದು ಮದ್ದು ಮೋಟಾರ್‌ಸೈಕಲ್ಲಿನದು: ಓಟ ಚಿಕ್ಕದು, ನಿಲ್ಲುವುದು ದೊಡ್ಡದು. ಅರ್ಧ ಮುಕ್ಕಾಲು ಗಂಟೆ ಓಡಿಸಿ, ಮುಟ್ಟಿದ ಜಾಗದಲ್ಲಿ ಅದರ ಎರಡು ಪಟ್ಟು ಹೊತ್ತು ಇರುವುದು.

ಆವಣಿಯನ್ನೇ ತೆಗೆದುಕೊಳ್ಳಿ. ಕೋಲಾರದಿಂದ ಮುಳಬಾಗಿಲ ದಾರಿ ಹಿಡಿದು ದೇವರಾಯಸಮುದ್ರದ ಬಳಿ ಹೆದ್ದಾರಿ ಬಿಟ್ಟು ಬಲಕ್ಕೆ ಇಳಿದರೆ ಸಿಗುತ್ತದೆ, ಮೂವತ್ತು ಕಿಲೋಮೀಟರ್ ಆಸುಪಾಸು. ಬೋಳು ಬಂಡೆಯ ಬೆಟ್ಟ, ಬುಡದಲ್ಲಿ ಊರು, ಎತ್ತರದ ಪೌಳಿಯೊಳಗೆ ನೊಳಂಬರ ಕಾಲದ ಗುಡಿಗಳ ಗುಂಪು. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರಿಗೆಲ್ಲ ಒಂದೊಂದು ಲಿಂಗ. ಬೆಟ್ಟದ ಮೇಲೆ ಸೀತೆಯ ಗುಡಿ. ಲವ ಕುಶರು ಹುಟ್ಟಿದ್ದು ಇಲ್ಲೇ ಎಂದು ಊರಿನವರು ಬಂಡೆಬಂಡೆಗೂ ಒಂದೊಂದು ಕಥೆ ಇಟ್ಟಿದ್ದಾರೆ. ಪಟ ತೆಗೆದು ಹೋಗುವವನಿಗೆ ಇವೆಲ್ಲ ಒಂದೇ ಬೂದು ಬಣ್ಣದ ಕಲ್ಲು. ಲಕ್ಷ್ಮಣೇಶ್ವರದ ಮುಂದೆ ಕಾಲು ಗಂಟೆ ಕುಕ್ಕರಗಾಲಲ್ಲಿ ಕೂತವನಿಗೆ ಮೊದಲು ಅಧಿಷ್ಠಾನದ ಪಟ್ಟಿಯಲ್ಲಿ ಆನೆ, ಸಿಂಹ, ಯಾಳಿ ಕಾಣುತ್ತವೆ. ಕಣ್ಣು ಮೇಲೇರಿದರೆ ಗೋಡೆಯಲ್ಲಿ ಭೈರವ, ಮಹಿಷಮರ್ದಿನಿ. ಒಳಗೆ ಹೋಗಿ, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತು ಕತ್ತೆತ್ತಿದರೆ ಚಾವಣಿಯ ಭುವನೇಶ್ವರಿಯಲ್ಲಿ ಉಮಾಮಹೇಶ್ವರ, ಸುತ್ತ ದಿಕ್ಪಾಲಕರು. ಬಿಸಿಲಿನಿಂದ ಒಳಗೆ ಬಂದ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕೇ ಬೇಕು. ಅವಸರದವರು ಕಣ್ಣು ಹೊಂದುವ ಮೊದಲೇ ಹೊರಗೆ ಬಂದಿರುತ್ತಾರೆ.

ಇದೇ ಆವಣಿಯ ಸ್ಥಾನವನ್ನು ಹತ್ತನೇ ಶತಮಾನದಲ್ಲಿ ತ್ರಿಭುವನಕರ್ತ ಎಂಬ ಶೈವ ಯತಿ ನಲವತ್ತು ವರ್ಷ ನಡೆಸಿದ, ಆ ಅವಧಿಯಲ್ಲಿ ಐವತ್ತು ದೇಗುಲ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂದು ಇಲ್ಲಿನ ಶಾಸನ ಹೇಳುತ್ತದೆ. ಜೀವನದಿಯೊಂದಿಲ್ಲದ, ಕೆರೆ ನೀರನ್ನೇ ನಂಬಿದ ಈ ಸೀಮೆಯಲ್ಲಿ ಆ ಎರಡು ಕೆರೆಗಳು ಐವತ್ತು ಗುಡಿಗಳಿಗೆ ಸಮ ತೂಗುತ್ತವೆ ಅಂತ ನನ್ನ ಎಣಿಕೆ. ಒಂದೇ ಜಾಗದಲ್ಲಿ ನಲವತ್ತು ವರ್ಷ ಕೂತವನ ಕೆಲಸ ಅದು. ನಾವು ಎರಡು ಗಂಟೆ ಕೂರಲು ಒದ್ದಾಡುತ್ತೇವೆ.

ಮೊಬೈಲು ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಕೇಳುವವರಾರು? ಆದರೆ ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತುಗಳ ಫೋಟೊ ತೆಗೆಯಿರಿ, ಕೆಲವನ್ನು ಬರಿಗಣ್ಣಲ್ಲಿ ನೋಡಿ ಎಂದರು. ಮರುದಿನ ಕೇಳಿದಾಗ, ಫೋಟೊ ತೆಗೆದ ವಸ್ತುಗಳ ನೆನಪೇ ಮಸುಕಾಗಿತ್ತು. ಸ್ವಾರಸ್ಯ ಇರುವುದು ಮುಂದೆ. ವಸ್ತುವಿನ ಯಾವುದೋ ಒಂದು ಭಾಗವನ್ನು ಮಾತ್ರ ಜೂಮ್ ಮಾಡಿ ತೆಗೆದವರ ನೆನಪಿಗೆ ಈ ಪೆಟ್ಟು ಬಿದ್ದಿರಲಿಲ್ಲ. ಹಾಗಾಗಿ ಗೋಪುರದ ಮುಂದೆ ಬೈಕು ನಿಲ್ಲಿಸಿ ತೆಗೆಯುವ ಪಟ ಬಿಡಿ. ಒಂದು ಕಂಬ, ಕಂಬದಲ್ಲೊಂದು ಮೂರ್ತಿ, ಮೂರ್ತಿಯ ಕೈಬೆರಳು: ಅಷ್ಟಕ್ಕೆ ಕ್ಯಾಮೆರಾ ಹಿಡಿಯಿರಿ. ಕೋಲಾರದ ಸೋಮೇಶ್ವರ ದೇವಾಲಯದ ಕಲ್ಯಾಣ ಮಂಟಪದ ಕಂಬಗಳಲ್ಲಿ ಹೀಗೆ ಒಂದೊಂದನ್ನೇ ಹಿಡಿದರೆ ವಿಜಯನಗರ ಕಾಲದ ಕೆತ್ತನೆ ವರ್ಷಪೂರ್ತಿ ಮುಗಿಯುವುದಿಲ್ಲ.

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ವ್ಯಕ್ತಿತ್ವ ವಿಕಸನದ ಭಾಷಣಕಾರರು ಹೇಳುತ್ತಲೇ ಇರುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಅಂಕಿ 18 ದಿನದಿಂದ 254 ದಿನದವರೆಗೆ ಹರಡಿತ್ತು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮ ತಡವಾಯಿತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಮುಳುಗಲಿಲ್ಲ. ಅವೆಲ್ಲ ದಿನದಿನದ ಕೆಲಸಗಳು, ನಮ್ಮದು ಅಪರೂಪಕ್ಕೆ ಬರುವ ಭಾನುವಾರ. ಆದ್ದರಿಂದ ಇನ್ನಷ್ಟು ಹಗುರಾಗಿರಲಿ. ತಿಂಗಳ ಎರಡನೇ ಭಾನುವಾರ, ಅರ್ಧ ಟ್ಯಾಂಕ್ ಪೆಟ್ರೋಲು, ಮಧ್ಯಾಹ್ನದ ಊಟಕ್ಕೆ ಮನೆ. ಹೆಂಡತಿಯ ಒಪ್ಪಿಗೆ, ಬಾಸ್‌ನ ರಜೆ, ಗೆಳೆಯರ ವಾಟ್ಸ್ಯಾಪ್ ಗುಂಪಿನ ತೀರ್ಮಾನ ಇವು ಮೂರೂ ಬೇಕಾದ ಪ್ರಯಾಣ ಎಂದೂ ರೂಢಿಯಾಗುವುದಿಲ್ಲ.

ಗಾಡಿ ಓಡಿಸುವ ರೀತಿಯಲ್ಲೂ ಮನುಷ್ಯನ ನಡತೆ ಕಾಣುತ್ತದೆ. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ ತೆನೆ, ಹುರುಳಿ ಕಟ್ಟುಗಳನ್ನು ರಸ್ತೆ ತುಂಬ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ಬೈಕಿಗೆ ಅದು ಯಮ. ಒಣ ದಂಟಿನ ಮೇಲೆ ಮುಂದಿನ ಬ್ರೇಕು ಹಿಡಿದರೆ ಚಕ್ರ ಜಾರಿತು ಅಂತಲೇ ಲೆಕ್ಕ. ದೂರದಲ್ಲೇ ವೇಗ ಇಳಿಸಿ, ಎರಡನೇ ಗೇರಿಗೆ ಬಂದು, ಬ್ರೇಕು ಮುಟ್ಟದೆ, ಹ್ಯಾಂಡಲು ತಿರುಗಿಸದೆ ನೇರ ದಾಟಬೇಕು. ಅದು ಕೌಶಲ. ದಾಟುವಾಗ ಮೊರ ಹಿಡಿದು ನಿಂತ ಅಜ್ಜಿಯ ಮೇಲೆ ಹಾರನ್ ಬಾರಿಸಿ ಬೈಯುವುದೋ, ಕಾಲೂರಿ ಪಕ್ಕದ ಮಣ್ಣಿನಲ್ಲಿ ಹೋಗುವುದೋ ಎಂಬುದು ನಡತೆ. ರಸ್ತೆಯಲ್ಲಿ ಒಕ್ಕಣೆ ತಪ್ಪು, ನಿಜ. ಕಣ ಮಾಡಲು ಜಾಗವಿಲ್ಲದವರ ಕಷ್ಟವೂ ನಿಜ. ಟೊಮೆಟೊ ಕಾಲದಲ್ಲಿ ಕೋಲಾರದ ಎಪಿಎಂಸಿ ಕಡೆ ಧಾವಿಸುವ ಟೆಂಪೊಗಳ ಜೊತೆ ಪೈಪೋಟಿ ಮಾತ್ರ ಬೇಡ. ಅವರಿಗೆ ಹರಾಜಿನ ಹೊತ್ತು ಮೀರುತ್ತಿರುತ್ತದೆ, ನಿಮಗೆ ಮೀರುವ ಹೊತ್ತು ಯಾವುದೂ ಇಲ್ಲ. ಹೆಲ್ಮೆಟ್ಟು ಹಿಂದೆ ಕೂತವರಿಗೂ ಕಡ್ಡಾಯ, ಹಳ್ಳಿ ರಸ್ತೆಯಲ್ಲೂ ಕಡ್ಡಾಯ. ‘ಇಲ್ಲೇ ಹತ್ತಿರ ಅಲ್ವಾ’ ಅನ್ನುವ ಮಾತು ಹತ್ತಿರದ ಸವಾರಿಯ ದೊಡ್ಡ ಶತ್ರು.

ಮುಟ್ಟಿದ ಮೇಲೆ ಸೈಲೆನ್ಸರಿನ ಸದ್ದು ಊರಿಗೆಲ್ಲ ಕೇಳಿಸದೆ, ಗಾಡಿಯನ್ನು ಪೌಳಿಯಿಂದ ದೂರ ನಿಲ್ಲಿಸಿ ನಡೆದು ಬಂದರೆ ಊರಿನವರು ಮಾತಿಗೆ ಸಿಗುತ್ತಾರೆ. ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ, ಗಾಬರಿಯಾಗಬೇಡಿ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ, ಅಂದರೆ ಇಲ್ಲಿ ಭಾಷೆಗಳು ಬೆರೆತು ಸಾವಿರ ವರ್ಷವಾಯಿತು. ಅದೇ ಗುಡಿಯಲ್ಲಿ ಅಮ್ಮನನ್ನು ನೇರ ದಿಟ್ಟಿಸದೆ ಕನ್ನಡಿಯಲ್ಲಿ ನೋಡುವ ಪದ್ಧತಿಯಿದೆ, ಚೇಳು ಕಡಿಯದಿರಲೆಂದು ಚೇಳಮ್ಮನಿಗೆ ಕಾಣಿಕೆ ಹಾಕುವವರಿದ್ದಾರೆ. ನಂಬಿಕೆ ನಿಮ್ಮದಲ್ಲದಿದ್ದರೂ ಅಲ್ಲಿ ನಿಂತಷ್ಟು ಹೊತ್ತು ಅವರ ರೀತಿಗೆ ನಡೆದುಕೊಳ್ಳುವುದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲ. ಇನ್ನು ಕಲ್ಲಿನ ಮೇಲೆ ಹೃದಯ ಕೆತ್ತಿ ನಡುವೆ ಬಾಣ ಬಿಡುವವರು! 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಪ್ರೇಮಕ್ಕೆ ಇದಕ್ಕಿಂತ ಅಗ್ಗದ ದಾರಿಗಳಿವೆ.

ಹೋಗುವ ಮೊದಲು ಆ ಜಾಗದ ಒಂದು ಕಥೆಯನ್ನಾದರೂ ತಿಳಿದುಕೊಂಡಿದ್ದರೆ ನೋಟವೇ ಬದಲಾಗುತ್ತದೆ. ಮುಳಬಾಗಿಲ ಬಂಡೆಗಳ ನಡುವೆ 1768ರ ಅಕ್ಟೋಬರಿನಲ್ಲಿ ಹೈದರಾಲಿಯ ಸೇನೆ ಕರ್ನಲ್ ವುಡ್‌ನ ಕಂಪನಿ ಪಡೆಯನ್ನು ಇನ್ನೇನು ಮುಗಿಸಲಿತ್ತು. ಆಗ ಕ್ಯಾಪ್ಟನ್ ಬ್ರೂಕ್ ಎಂಬಾತ ಎರಡು ತೋಪುಗಳನ್ನು ಬಂಡೆಯ ಮೇಲೆಳೆಸಿ ಹಾರಿಸಿ, ತನ್ನವರಿಂದ ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಪಡೆಯೇ ಬಂತೆಂದು ಎರಡೂ ಕಡೆಯವರು ನಂಬಿ, ಕಾಳಗದ ದಿಕ್ಕೇ ತಿರುಗಿತು. ಇದನ್ನು ತಿಳಿದು ಆ ಗುಡ್ಡಗಳ ಕೆಳಗೆ ನಿಂತವನು ಯಾವ ಬಂಡೆ ಇರಬಹುದು ಎಂದು ಹುಡುಕತೊಡಗುತ್ತಾನೆ. ಆ ಹೈದರ್ 1782ರಲ್ಲಿ ತೀರಿಕೊಂಡಾಗ ಅವನ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ಇರಿಸಿದ್ದು ಕೋಲಾರದ ಮಖ್‌ಬರಾದಲ್ಲಿ, ಅವನ ತಂದೆ ಫತೇ ಮಹಮ್ಮದನ ಗೋರಿಯ ಬಳಿ. ಅದಂತೂ ಪೇಟೆಯೊಳಗೇ ಇದೆ. ಬೈಕೂ ಬೇಡ.

ಮಾಲೂರಿನವರು ಟೇಕಲ್‌ನ ಬಂಡೆಗುಡ್ಡ, ವರದರಾಜಸ್ವಾಮಿ ಗುಡಿಯಿಂದ ಶುರುಮಾಡಬಹುದು. ಕಲ್ಲು ಸಾಕೆನಿಸಿದವರು ಮಾಸ್ತಿಗೆ ಹೋಗಲಿ, ಕನ್ನಡದ ಸಣ್ಣಕಥೆಯ ಯಜಮಾನರು ತಮ್ಮ ಹೆಸರಿನಲ್ಲೇ ಉಳಿಸಿಕೊಂಡ ಊರು ಅದು. ಶ್ರೀನಿವಾಸಪುರದವರಿಗೆ ಮಾವಿನ ತೋಪುಗಳ ನಡುವೆ ಹಾದು ಕುರುಡುಮಲೆ. ಅಲ್ಲಿ ಹದಿಮೂರೂವರೆ ಅಡಿಯ ಏಕಶಿಲಾ ಗಣಪನಿಗೆ ಕೈಮುಗಿದು ಎಲ್ಲರೂ ಹೊರಟುಬಿಡುತ್ತಾರೆ. ಪಕ್ಕದ ಸೋಮೇಶ್ವರ ಗುಡಿಯಲ್ಲಿ ಅರ್ಧವನ್ನು ಜಕಣಾಚಾರಿಯೂ ಉಳಿದರ್ಧವನ್ನು ಮಗ ಡಂಕಣಾಚಾರಿಯೂ ಕಟ್ಟಿದರೆಂಬ ಐತಿಹ್ಯವಿದೆ. ಅಪ್ಪನ ಉಳಿ ಎಲ್ಲಿ ನಿಂತಿತು, ಮಗನದು ಎಲ್ಲಿ ಶುರುವಾಯಿತು ಎಂದು ಗೋಡೆಯುದ್ದಕ್ಕೂ ಹುಡುಕುವುದರಲ್ಲೇ ಬೆಳಗು ಕಳೆಯುತ್ತದೆ. ಮೇ, ಜೂನಿನಲ್ಲಿ ಹೊರಟರೆ ಮಾತ್ರ ಹಿಂದಿನ ಸೀಟಿಗೆ ಎರಡು ಹಗ್ಗ ಇಟ್ಟುಕೊಳ್ಳಿ. ಆ ರಸ್ತೆಯಲ್ಲಿ ಬಾದಾಮಿ, ರಸಪುರಿ ಬುಟ್ಟಿಗಳನ್ನು ದಾಟಿ ಬರಿಗೈಯಲ್ಲಿ ಮನೆ ಸೇರುವುದು ನಮ್ಮಂಥವರಿಗೆ ಆಗದ ಮಾತು.