ಉಳಿದ ತುಂಡುಗಳ ಪಾಠ



ಯೇಸುಸ್ವಾಮಿ ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರಿಗೆ ಉಣಬಡಿಸಿದ್ದು ನಮಗೆಲ್ಲ ಗೊತ್ತು. ಊಟದ ನಂತರ ನಡೆದದ್ದನ್ನು ಮಾತ್ರ ನಾವು ಮರೆಯುತ್ತೇವೆ. ಅವರು ಶಿಷ್ಯರಿಂದ ಉಳಿದ ತುಂಡುಗಳನ್ನೆಲ್ಲ ಆಯಿಸಿದರು. ಹನ್ನೆರಡು ಬುಟ್ಟಿ ತುಂಬಿದವು (ಯೊವಾನ್ನ 6). ಬೇಕಾದಷ್ಟು ಕೊಡಬಲ್ಲ ಪ್ರಭುವೇ ಒಂದು ತುಂಡನ್ನೂ ಚೆಲ್ಲಗೊಡಲಿಲ್ಲ.

ಯುದ್ಧ ಬಂದಾಗ ಲೋಕಕ್ಕೆ ಈ ಪಾಠ ನೆನಪಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕಗಳ ಗೋಡೆಗಳ ಮೇಲೆ ಹಿತ್ತಲಲ್ಲಿ ತರಕಾರಿ ಬೆಳೆಯಲು, ಹರಿದ ಬಟ್ಟೆ ಹೊಲಿದು ತೊಡಲು ಹೇಳುವ ಭಿತ್ತಿಪತ್ರಗಳಿದ್ದವು. ನಮ್ಮಲ್ಲಿ 1942ರಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಆಂದೋಲನ ಆರಂಭವಾಯಿತು. 1965ರಲ್ಲಿ ಯುದ್ಧ ಮತ್ತು ಧಾನ್ಯದ ಕೊರತೆ ಒಟ್ಟಿಗೆ ಬಂದಾಗ, ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆ ಜನರನ್ನು ಕೇಳಿಕೊಂಡರು. ಸೋಮವಾರ ಸಂಜೆ ಎಷ್ಟೋ ಹೋಟೆಲುಗಳು ಬಾಗಿಲು ಮುಚ್ಚಿದವು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ನಮ್ಮ ಹಿರಿಯರಿಗೆ ಭಿತ್ತಿಪತ್ರ ಬೇಕಿರಲಿಲ್ಲ. ಅವರು ಜೋಳವನ್ನು ಹಗೇವಿನಲ್ಲಿ ಕಾದಿರಿಸಿದರು. ಹಳೆಯ ಸೀರೆ, ಧೋತರಗಳನ್ನು ಕೂಡಿಸಿ ಕೌದಿ ಹೊಲಿದರು. ಮೆಣಸಿನಕಾಯಿ ಒಣಗಿಸಲು ದೇವರು ಕೊಟ್ಟ ಬಿಸಿಲೇ ಸಾಕಾಯಿತು. ಇದು ಬರೀ ಬಡತನವಲ್ಲ. ಅನ್ನ ಚೆಲ್ಲುವುದು ಪಾಪವೆಂಬ ಅಂಜಿಕೆಯೂ ಇತ್ತು.

ಯುದ್ಧಕಾಲದ ಉಳಿತಾಯಕ್ಕೆ ಒಂದು ಮಿತಿಯಿದೆ. ಭಯದಿಂದ ಹುಟ್ಟಿದ್ದು ಭಯದೊಡನೆಯೇ ಹೋಗುತ್ತದೆ. ಪ್ರೀತಿಯಿಂದ ಹುಟ್ಟಿದ್ದು ಉಳಿಯುತ್ತದೆ. ಇಂದು ನಮ್ಮ ಕೊಳವೆಬಾವಿ ಬತ್ತಿದರೆ ಯಾವ ಶತ್ರುವನ್ನು ದೂರೋಣ? 2023ರಂಥ ಬರ ಬಂದಾಗ ದುಡ್ಡಿದ್ದವರು ಟ್ಯಾಂಕರ್ ತರಿಸುತ್ತಾರೆ. ಬಡ ತಾಯಿ ಕೊಡ ಹಿಡಿದು ಕಾಯುತ್ತಾಳೆ. ನಾವು ಪೋಲು ಮಾಡಿದ ನೀರು ಆಕೆಯ ಪಾಲಿನದು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಬೇಕಾದಷ್ಟೇ ಅಡುಗೆ ಮಾಡುವುದು, ಬೇಡದ ದೀಪ ಆರಿಸುವುದು, ನೀರನ್ನು ಮಿತವಾಗಿ ಬಳಸುವುದು ಮುಂತಾದ ಸಣ್ಣ ಕೆಲಸಗಳನ್ನು ಹೆಸರಿಸಿ, ಅವುಗಳ ಹಿಂದೆ ಪ್ರೀತಿ ಇರಬೇಕೆಂದು ಕಲಿಸಿದರು.

ಆದ್ದರಿಂದ ಈ ವಾರದಿಂದಲೇ ಆರಂಭಿಸೋಣ. ಅಕ್ಕಿಯನ್ನು ಅಳೆದು ಹಾಕಿ. ಪಾತ್ರೆ ತೊಳೆದ ನೀರನ್ನು ಹಿತ್ತಲ ನುಗ್ಗೆಗೆ ಬಿಡಿ. ಧರ್ಮಕೇಂದ್ರದ ಹಬ್ಬದೂಟಕ್ಕೆ ಪ್ಲಾಸ್ಟಿಕ್ ತಟ್ಟೆ ಬೇಡ. ಮುತ್ತುಗದ ಎಲೆ ಸಾಕು. ಶುಕ್ರವಾರ ಒಂದು ಹೊತ್ತಿನ ಊಟ ಬಿಡುವವರು ಆ ಖರ್ಚನ್ನು ಹಸಿದವರಿಗೆ ತಲುಪಿಸಿ. ಉಳಿಸಿದ್ದು ನಮ್ಮ ಗಂಟಿಗೇ ಸೇರಿದರೆ ಅದು ಜಿಪುಣತನ. ಇಲ್ಲದವರ ಕೈ ಸೇರಿದರೆ ಅದೇ ಉಪವಾಸ.

ಹನ್ನೆರಡು ಬುಟ್ಟಿ ತುಂಬಿಸಿದ ಪ್ರಭು, ಒಂದು ತುತ್ತನ್ನೂ ಒಂದು ಹನಿಯನ್ನೂ ಗೌರವಿಸುವ ಮನಸ್ಸನ್ನು ನಮ್ಮ ಕುಟುಂಬಗಳಿಗೆ ಕೊಡಲಿ.