ಮನೆ ಬಿಡುವ ಧರ್ಮ

ಮನುಷ್ಯನು ಮನೆಗೆ ಅಡಿಗಲ್ಲು ಇಡುವಾಗ ಮುಹೂರ್ತ ನೋಡುತ್ತಾನೆ. ಒಳಗೆ ಕಾಲಿಡುವಾಗ ಹಾಲುಕ್ಕಿಸುತ್ತಾನೆ. ಅದೇ ಮನೆಯನ್ನು ಬಿಟ್ಟು ಹೊರಡುವಾಗ ಮಾತ್ರ ಬೆಂಕಿ ಬಿದ್ದವರಂತೆ ಅವಸರಪಡುತ್ತಾನೆ. ಗೃಹಪ್ರವೇಶಕ್ಕೆ ವಿಧಿಯುಂಟು, ಮಂತ್ರವುಂಟು. ಗೃಹತ್ಯಾಗಕ್ಕೆ ಮನೆಯವರ ವಿವೇಕವೇ ವಿಧಿ. ಆ ವಿವೇಕವು ತಪ್ಪಿದಲ್ಲಿ ಒಡೆಯುವದು ಗಡಿಗೆಯೊಂದೇ ಅಲ್ಲ. ಒಮ್ಮೊಮ್ಮೆ ಮನಸ್ಸುಗಳೂ ಒಡೆಯುತ್ತವೆ. ಆದುದರಿಂದ ಕ್ಲೇಶವಿಲ್ಲದೆ ಮನೆ ಬದಲಿಸುವದು ಹೇಗೆಂಬ ಪ್ರಶ್ನೆಯು ಹೊರನೋಟಕ್ಕೆ ಗೃಹಕೃತ್ಯದ ಪ್ರಶ್ನೆಯಾದರೂ ಒಳಗೆ ಧರ್ಮದ ಪ್ರಶ್ನೆಯೇ ಆಗಿದೆ.

ಹುಬ್ಬಳ್ಳಿ ಧಾರವಾಡಗಳ ನಡುವಿನ ಸತ್ತೂರಿನಲ್ಲಿ ಈ ಪ್ರಸಂಗವು ಈಗ ದಿನನಿತ್ಯದ್ದಾಗಿದೆ. 1962 ರಲ್ಲಿ ಎರಡೂ ಊರುಗಳಿಗೆ ಒಂದೇ ಪೌರಾಡಳಿತವು ಬಂದಿತು. 2003 ರಲ್ಲಿ ಸತ್ತೂರಿನಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾಯಿತು. ಮುಂದೆ ಹೆದ್ದಾರಿಯು ಅಗಲವಾಗಿ ನಡುವೆ ಚಿಗರಿ ಬಸ್ಸುಗಳು ಓಡತೊಡಗಿದವು. ಹೀಗೆ ಹಳ್ಳಿಯ ಮೈಗೆ ಪಟ್ಟಣವು ಅಂಟಿಕೊಂಡಿತು. ಇಲ್ಲಿ ಎರಡು ಬಗೆಯ ಸ್ಥಳಾಂತರಗಳನ್ನು ಕಾಣಬಹುದು. ಓದಲು ಬಂದ ತರುಣನು ಬಾಡಿಗೆಯ ಖೋಲಿಯನ್ನು ಬದಲಿಸುವಾಗ ಎರಡು ಪೆಟ್ಟಿಗೆ, ಒಂದು ಹಾಸಿಗೆ ಎತ್ತಿಕೊಂಡು ಅರ್ಧ ದಿವಸದಲ್ಲಿ ಹೋಗಿಬಿಡುತ್ತಾನೆ. ಮೂರು ತಲೆಮಾರು ಒಂದೇ ಜಂತಿಯ ಕೆಳಗೆ ಬಾಳಿದ ಮನೆತನವು ಮಗನ ನೌಕರಿಯ ಸಲುವಾಗಿ ಬೆಂಗಳೂರಿನ ಎರಡು ಕೋಣೆಗಳ ಮನೆಗೆ ಹೊರಟಾಗಲಾದರೋ ತಿಂಗಳುಗಟ್ಟಲೆ ಯಾರಿಗೂ ನಿದ್ರೆಯಿರುವದಿಲ್ಲ.

ಈ ಭೇದಕ್ಕೆ ಕಾರಣವೇನು? ಸಾಮಾನಿನ ಭಾರವೇ ಕಾರಣವೆಂದು ಹಲವರು ಹೇಳುವರು. ಈ ಪಕ್ಷಕ್ಕೆ ಶಾಸ್ತ್ರದ ಆಧಾರವೂ ದೊರೆಯುತ್ತದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಗೃಹಸ್ಥರನ್ನು ನಾಲ್ಕು ಬಗೆಯಾಗಿ ಎಣಿಸಿದೆ: ಕಣಜದ ತುಂಬ ಧಾನ್ಯವುಳ್ಳವನು, ಗಡಿಗೆಯ ತುಂಬ ಉಳ್ಳವನು, ಮೂರು ದಿನಕ್ಕೆ ಸಾಲುವಷ್ಟು ಉಳ್ಳವನು, ನಾಳೆಗೆ ಏನೂ ಇಲ್ಲದವನು. ಇವರಲ್ಲಿ ಮುಂದುಮುಂದಿನವನೇ ಶ್ರೇಷ್ಠನೆಂದು ಆ ಸ್ಮೃತಿಯ ಮತ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ನಾಲ್ಕು ಗುರುಗಳನ್ನು ಹೇಳುವಾಗ ಕುರರವೆಂಬ ಹಕ್ಕಿಯನ್ನೂ ಎಣಿಸುತ್ತಾನೆ. ಕೊಕ್ಕಿನಲ್ಲಿ ಮಾಂಸವಿರುವ ವರೆಗೆ ಬಲವಾದ ಹಕ್ಕಿಗಳು ಅದನ್ನು ಅಟ್ಟಿಸಿ ಕುಕ್ಕಿದವು. ಮಾಂಸವನ್ನು ಬಿಟ್ಟೊಡನೆ ಅದು ಸುಖಿಯಾಯಿತು. ಹಾಗಾದರೆ ಮನೆ ಬದಲಿಸುವವನೂ ಇದ್ದಬದ್ದುದನ್ನೆಲ್ಲ ಗುಜರಿಗೆ ಹಾಕಿ ಬರಿಗೈಯಿಂದ ಹೊರಟರೆ ಸುಖಿಯಾದಾನಲ್ಲವೇ?

ಈ ವಾದವು ಕೇಳಲು ಇಂಪಾಗಿದೆ. ಆದರೆ ಇದರಲ್ಲಿ ಒಂದು ದೊಡ್ಡ ದೋಷವು ಅಡಗಿದೆ. ಅದನ್ನು ತಿಳಿಯಲು ವಾಚಕರು ಒಂದು ಮನೆಯನ್ನು ಕಣ್ಣೆದುರಿಗೆ ತಂದುಕೊಳ್ಳಬೇಕು. ಮಗನು ಸುಶೀಲನು, ವಿದ್ಯಾವಂತನು. ಮುದಿತಾಯಿಗೆ ತೊಂದರೆಯಾಗಬಾರದೆಂದು ಆಕೆಯನ್ನು ಎಂಟು ದಿವಸ ಮಗಳ ಮನೆಗೆ ಕಳಿಸುತ್ತಾನೆ. ಆಕೆಯು ತಿರುಗಿ ಬರುವಷ್ಟರಲ್ಲಿ ಎಲ್ಲವನ್ನೂ ಚೊಕ್ಕಟವಾಗಿ ಮುಗಿಸಿರುತ್ತಾನೆ. ಹೊಸ ಮನೆಯಲ್ಲಿ ತಾಯಿಯು ಮೂಲೆಮೂಲೆಗಳನ್ನು ನೋಡಿ, “ಬೀಸುಕಲ್ಲು ಎಲ್ಲಿಟ್ಟೀಯಪ್ಪಾ?” ಎಂದು ಕೇಳುತ್ತಾಳೆ. “ಅವ್ವಾ, ಈಗ ಬೀಸಾವರು ಯಾರು? ಅದನ್ನ ಕೊಟ್ಟುಬಿಟ್ಟೆ” ಎಂದು ಅವನು ನಗುತ್ತಾನೆ. ಆಕೆಯು ನಗುವದಿಲ್ಲ, ಕೋಪಿಸಿಕೊಳ್ಳುವದೂ ಇಲ್ಲ. ಆ ದಿನದಿಂದ ಆ ಮನೆಯಲ್ಲಿ ಅತಿಥಿಯಂತೆ ಇರತೊಡಗುತ್ತಾಳೆ.

ಮಗನು ಮಾಡಿದುದೇನು? ತಾನು ಮೋಹವನ್ನು ಬಿಟ್ಟೆನೆಂದು ಅವನು ತಿಳಿದನು. ನಿಜವಾಗಿ ಅವನು ಬಿಟ್ಟುದು ತಾಯಿಯ ವಸ್ತುವನ್ನು. ಕುರರವು ತನ್ನ ಕೊಕ್ಕಿನಲ್ಲಿದ್ದುದನ್ನು ತಾನೇ ಬಿಟ್ಟಿತು. ಇನ್ನೊಂದರ ಕೊಕ್ಕಿನಿಂದ ಕಿತ್ತು ಎಸೆಯಲಿಲ್ಲ. ಕಿತ್ತುಕೊಳ್ಳಲು ಬಂದವುಗಳನ್ನು ಅವಧೂತನು ಗುರುಗಳೆಂದು ಎಣಿಸಲೂ ಇಲ್ಲ. ತನ್ನದನ್ನು ತಾನು ಬಿಟ್ಟರೆ ತ್ಯಾಗ. ಇನ್ನೊಬ್ಬರದನ್ನು ಬಿಡಿಸಿದರೆ ಅಪಹಾರ. ಆ ಬೀಸುಕಲ್ಲು ಮಗನಿಗೆ ಎರಡು ಕಲ್ಲುಗಳ ಜೋಡು. ತಾಯಿಗೆ ಐವತ್ತು ವರ್ಷಗಳ ಬೆಳಗಿನ ಜಾವ. ಅದನ್ನು ಬಿಡುವದು ಆಕೆಗೆ ಅಸಾಧ್ಯವೇನೂ ಆಗಿರಲಿಲ್ಲ. ಕೇಳಿದ್ದರೆ ಬಹುಶಃ ಅರಿಷಿಣ ಕುಂಕುಮ ಹಚ್ಚಿ, ನೆರೆಮನೆಯ ಸೊಸೆಗೆ ತಾನೇ ಕೊಟ್ಟು ಬರುತ್ತಿದ್ದಳು. ಕೊಡುವ ಆ ಅಧಿಕಾರವೇ ಆಕೆಯ ಕೈತಪ್ಪಿತು.

ಇದೇ ಮಾತು ಮನೆಯ ಹೊರಗೂ ಸಲ್ಲುತ್ತದೆ. ಆಲಮಟ್ಟಿಯಲ್ಲಿ ಕೃಷ್ಣಾನದಿಯ ಅಣೆಕಟ್ಟಿಗೆ 1964 ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. 2000 ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.60 ಮೀಟರಿನ ಮಟ್ಟದ ವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಹಿನ್ನೀರು ಘಟಪ್ರಭೆಯ ದಂಡೆಯ ಬಾಗಲಕೋಟೆಗೂ ಮುಟ್ಟುವದಾದ್ದರಿಂದ, ಊರಿನ ಬಹುಭಾಗದ ಜನರು ದಿನ್ನೆಯ ಮೇಲೆ ಕಟ್ಟಿದ ನವನಗರಕ್ಕೆ ಹೋಗಬೇಕಾಯಿತು. ಆ ನಗರದ ಯೋಜನೆಯನ್ನು ಚಾರ್ಲ್ಸ್ ಕೊರಿಯಾ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯು ಸಿದ್ಧಪಡಿಸಿದ್ದನು. ರಸ್ತೆಗಳು ಅಗಲವಾದವು, ನಿವೇಶನಗಳು ದೊರೆತವು, ಪರಿಹಾರಧನವೂ ಬಂದಿತು. ಆದರೂ ಹಳೆಯ ಓಣಿಯ ಕಟ್ಟೆ, ಒಂದೇ ಗೋಡೆಗೆ ಬೆನ್ನು ಹಚ್ಚಿದ ನೆರೆಯವರು, ಕೂಗಿದರೆ ಓಗೊಡುವ ದೂರ, ಇವುಗಳಿಗೆ ಯಾವ ಪಟ್ಟಿಯಲ್ಲಿ ಬೆಲೆ ಕಟ್ಟುವದು? ಹೊಲಗಳಿಗೆ ನೀರು ಬೇಕು ಎಂಬುದು ನಿಜ. ಆದರೂ ನೀರಿನ ಭಯದಿಂದ ಹೊರಟವರಿಗೆ ‘ಮೋಹವನ್ನು ಬಿಡಿರಿ’ ಎಂದು ಬೋಧಿಸುವ ಅಧಿಕಾರವು ದಡದಲ್ಲಿ ನಿಂತವರಿಗೆ ಇಲ್ಲ. ವೈರಾಗ್ಯವು ಸ್ವಂತಕ್ಕೆ ಹೇಳಿಕೊಳ್ಳುವ ಮಾತು; ಪರರಿಗೆ ಸಲ್ಲಬೇಕಾದುದು ದಯೆ ಮತ್ತು ನ್ಯಾಯ.

ಹಾಗಾದರೆ ಸಿದ್ಧಾಂತವಿಷ್ಟು: ಸ್ಥಳಾಂತರದ ಕ್ಲೇಶವು ಸಾಮಾನಿನ ಭಾರದಿಂದ ಹುಟ್ಟುವದಕ್ಕಿಂತ ಹೆಚ್ಚಾಗಿ, ಮುಂದೂಡಿದ ನಿರ್ಧಾರಗಳಿಂದಲೂ ಒಬ್ಬನು ಎಲ್ಲರ ಪರವಾಗಿ ಮಾಡಿದ ನಿರ್ಧಾರಗಳಿಂದಲೂ ಹುಟ್ಟುತ್ತದೆ. ಸಾಮಾನು ಕಟ್ಟಿ ಸಾಗಿಸುವ ಕಂಪನಿಗಳು ಇಂದು ಬೇಕಾದಷ್ಟಿವೆ. ಅವು ತಾಟು ಬಟ್ಟಲುಗಳನ್ನು ಕಾಗದದಲ್ಲಿ ಸುತ್ತಬಲ್ಲವು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬುದನ್ನು ಕೂಲಿಗೆ ಕೊಡಲಾಗದು.

ಆದುದರಿಂದ ಮೊದಲು ಬೇಕಾದುದು ಕಾಲ. ಹೊರಡುವದು ನಿಶ್ಚಯವಾದೊಡನೆ, ಒಂದೆರಡು ತಿಂಗಳು ಮುಂಚೆಯೇ, ದಿನಕ್ಕೊಂದು ಕಪಾಟು ಅಥವಾ ಒಂದು ಮಾಡದಂತೆ ಆರಂಭಿಸಬೇಕು. ಅಟ್ಟದ ಮೇಲಿನದು ಮೊದಲು, ಅಡಿಗೆಮನೆಯದು ಕಡೆಗೆ. ಆಷಾಢದಲ್ಲಿ ಮನೆ ಬದಲಿಸಬಾರದೆಂಬ ರೂಢಿಯನ್ನು ನಂಬದವರೂ ಒಂದನ್ನು ಒಪ್ಪಬೇಕು: ಮಳೆಯಲ್ಲಿ ತೊಯ್ದ ಹಾಸಿಗೆಯು ನಾಸ್ತಿಕನಿಗೂ ಆಸ್ತಿಕನಿಗೂ ಒಂದೇ ಸಮನೆ ನಾರುತ್ತದೆ.

ಎರಡನೆಯದಾಗಿ, ಪ್ರತಿಯೊಬ್ಬರಿಗೂ ಒಂದೊಂದು ಟ್ರಂಕು ಇರಲಿ. ಅದರಲ್ಲಿ ಏನಿಡಬೇಕೆಂಬುದನ್ನು ಅವರವರೇ ನಿಶ್ಚಯಿಸಲಿ. ಮಗುವು ಮುರಿದ ಬುಗುರಿಯನ್ನಿಟ್ಟರೂ ಅಜ್ಜನು ಹಳೆಯ ಪಂಚಾಂಗಗಳನ್ನಿಟ್ಟರೂ ಯಾರೂ ಪ್ರಶ್ನಿಸಬಾರದು. ಟ್ರಂಕಿನ ಅಳತೆಯೇ ಮಿತಿಯನ್ನು ಕಲಿಸುತ್ತದೆ; ಉಪದೇಶವು ಬೇಡ. ಉತಾರ, ಶಾಲೆಯ ದಾಖಲೆ, ನಿತ್ಯದ ಔಷಧ, ಇವು ಲಾರಿಯನ್ನು ಏರದೆ ಹಿರಿಯರೊಬ್ಬರ ಕೈಚೀಲದಲ್ಲಿರಲಿ. ಹೊಸ ಮನೆಯಲ್ಲಿ ಮೊದಲು ಬಿಚ್ಚಬೇಕಾದುದು ವೃದ್ಧರ ಹಾಸಿಗೆ, ದೇವರ ದೀಪ, ಒಂದು ಹೊತ್ತಿನ ಅಡಿಗೆಯ ಪಾತ್ರೆ. ಉಳಿದುದೆಲ್ಲ ನಾಳೆಗಾದೀತು.

ಒಯ್ಯಲಾಗದ, ಬಿಡಲೂ ಆಗದ ವಸ್ತುಗಳಿಗೆ ಉತ್ತರಕರ್ನಾಟಕದ ಹೆಣ್ಣುಮಕ್ಕಳು ಹಿಂದಿನಿಂದಲೂ ಒಂದು ಉಪಾಯವನ್ನು ಬಲ್ಲರು. ಅದು ಕೌದಿ. ಅಜ್ಜಿಯ ಇಳಕಲ್ಲ ಸೀರೆ, ಮಾವನ ಧೋತರ, ಕೂಸಿನ ಕುಲಾವಿ, ಎಲ್ಲವುಗಳಿಂದ ಒಂದೊಂದು ತುಂಡು ತೆಗೆದು ಹೊಲಿದರೆ ಹತ್ತು ಗಂಟುಗಳು ಒಂದು ಹೊದಿಕೆಯಾಗುತ್ತವೆ. ವಸ್ತುವು ಹೋಗುತ್ತದೆ, ಬಾಂಧವ್ಯವು ಉಳಿಯುತ್ತದೆ. ಮೇಲಾಗಿ ಚಳಿಯೂ ತಪ್ಪುತ್ತದೆ. ಮಮತೆಯನ್ನು ಕಿತ್ತೆಸೆಯದೆ ಹಗುರ ಮಾಡುವ ವಿದ್ಯೆಯನ್ನು ಇದಕ್ಕಿಂತ ಸುಲಭವಾಗಿ ಯಾವ ಗ್ರಂಥವು ಕಲಿಸೀತು?

ಕಡೆಯದು ಋಣದ ಮಾತು. ನೆರೆಮನೆಯಿಂದ ತಂದ ಹಂಡೆಯನ್ನು ತಿರುಗಿ ಕೊಡಬೇಕು. ಕಿರಾಣಿ ಅಂಗಡಿಯ ಬಾಕಿಯನ್ನು ಕೇಳುವ ಮೊದಲೇ ತೀರಿಸಬೇಕು. ಹಾಲು ಹಾಕಿದವಳಿಗೆ, ಕಸ ಒಯ್ದವನಿಗೆ ಎದುರಿಗೆ ನಿಂತು ಹೋಗಿಬರುವೆವೆಂದು ಹೇಳಬೇಕು. ಮುನಿಸಿಕೊಂಡ ನೆರೆಯವರಿದ್ದರೆ ಅವರ ಹೊಸ್ತಿಲಿಗೇ ಮೊದಲು ಹೋಗಬೇಕು. ಊರು ಬಿಟ್ಟ ಮೇಲೆ ಆ ಮುನಿಸನ್ನು ತಿದ್ದುವ ಸಂಧಿಯು ಸಿಗಲಾರದು. ಬರಿದಾದ ಮನೆಯನ್ನು ಗುಡಿಸಿ, ಬಾಗಿಲ ಮುಂದೆ ನೀರು ಹಾಕಿ, ಮುಂದೆ ಬರುವವರು ಯಾರೋ ಅರಿಯದಿದ್ದರೂ ಅವರ ಸಲುವಾಗಿ ಒಂದು ರಂಗವಲ್ಲಿಯನ್ನೆಳೆದು ಹೊರಡುವ ಗೃಹಿಣಿಯು ದೊಡ್ಡ ದಾನವನ್ನೇ ಮಾಡಿದಂತೆ.

ಮನೆಯು ಸ್ಥಾವರ, ಸಂಸಾರವು ಜಂಗಮ. ಗೋಡೆಯನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಒಬ್ಬರನ್ನೊಬ್ಬರು ಕೇಳಿ ನಡೆಯುವ ರೀತಿಯನ್ನು ಎಲ್ಲಿಗಾದರೂ ಒಯ್ಯಬಹುದು. ಬೀಸುಕಲ್ಲಿನ ಆ ತಾಯಿಗೆ ಮಗನು ಒಂದು ಮಾತು ಕೇಳಿದ್ದರೆ ಕಲ್ಲು ಸತ್ತೂರಿನಲ್ಲಿಯೇ ಉಳಿಯುತ್ತಿತ್ತು. ತಾಯಿಯು ಬೆಂಗಳೂರಿನ ಮನೆಗೆ ನಿಜವಾಗಿ ಬಂದಿರುತ್ತಿದ್ದಳು.