ಏಕಾಗ್ರತೆಯೆಲ್ಲವೂ ಧರ್ಮವೇ?

ಚಿತ್ತವು ಒಂದೆಡೆ ನಿಲ್ಲದೆಂದು ದೂರುವ ಶ್ರಾವಕರು ಬಹುಮಂದಿ. ಆದರೆ ಅದು ನಿಲ್ಲಲಾರದೆಂಬುದು ನಿಜವಲ್ಲ. ಹಾವೇರಿಯಲ್ಲಿ ಏಲಕ್ಕಿಹಾರ ಕಟ್ಟುವವರ ಬೆರಳುಗಳನ್ನು ನೋಡಬೇಕು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ಸುಕ್ಕು, ತೇವಗಳನ್ನು ಪರೀಕ್ಷಿಸುವ ವರ್ತಕನ ಕಣ್ಣನ್ನು ನೋಡಬೇಕು. ಅಲ್ಲಿ ಚಾಂಚಲ್ಯವೆಲ್ಲಿ? ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ 1974ರಲ್ಲಿ ಅಭಯಾರಣ್ಯವಾಯಿತು. ಅಂಥ ಮೃಗಕ್ಕೆ ಗುರಿಯಿಡುವ ಬೇಟೆಗಾರನೂ ಉಸಿರು ಬಿಗಿಹಿಡಿದು ಏಕಾಗ್ರನಾಗಿಯೇ ಇರುತ್ತಾನೆ. ಹಾಗಾದರೆ ಏಕಾಗ್ರತೆಯೆಲ್ಲವೂ ಧರ್ಮವೇ?

ತತ್ತ್ವಾರ್ಥಸೂತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ನಾಲ್ಕಾಗಿ ವಿಂಗಡಿಸಿ, ಕೊನೆಯ ಎರಡನ್ನು ಮಾತ್ರ ಮೋಕ್ಷಹೇತುವೆನ್ನುತ್ತದೆ. ಕಳೆದುಕೊಂಡುದನ್ನೇ ನೆನೆದು ಕೊರಗುವುದೂ ಧ್ಯಾನ. ಹಿಂಸೆಯಲ್ಲಿ ಹಿಗ್ಗುವುದೂ ಧ್ಯಾನ. ಮನಸ್ಸು ನಿಂತಿತೆಂಬುದು ಸಾಲದು, ಎಲ್ಲಿ ನಿಂತಿತೆಂಬುದೇ ಮುಖ್ಯ.

ಸಾಮಾಯಿಕವ್ರತದ ಮಹತ್ತ್ವ ಇಲ್ಲಿದೆ. ರೂಢಿಯಂತೆ ಎರಡು ಘಳಿಗೆ, ಅಂದರೆ 48 ನಿಮಿಷ, ಲಾಭನಷ್ಟಗಳಿಲ್ಲದ ಸಮಭಾವದಲ್ಲಿ ಮನಸ್ಸನ್ನು ನಿಲ್ಲಿಸುವ ಅಭ್ಯಾಸವದು, ದೇಹಕ್ಕೆ ವ್ಯಾಯಾಮವಿದ್ದಂತೆ. ಮನ, ವಚನ, ಕಾಯಗಳ ದುಷ್ಪ್ರವೃತ್ತಿ, ಅನಾದರ, ಮರೆವು ಎಂಬ ಐದು ಅದರ ಅತಿಚಾರಗಳು. ಮನಸ್ಸು ಪೇಟೆಯ ಧಾರಣೆಯತ್ತ ಓಡಿದಾಗ ಕೋಪಿಸದೆ, ಬೇಸರಿಸದೆ ಮರಳಿ ತರಬೇಕು. ಹೀಗೆ ಮತ್ತೆ ಮತ್ತೆ ತರುವುದರಿಂದಲೇ ಚಿತ್ತ ಬಲಗೊಳ್ಳುತ್ತದೆ.

ಆ ಬಲದ ಪರೀಕ್ಷೆ ನಡೆಯುವುದು ಆಸನದಿಂದ ಎದ್ದ ಮೇಲೆ. ರೈತನ ಕಾಯಿಯಲ್ಲಿ ತೇವವನ್ನು ಕಂಡುಹಿಡಿಯುವ ಕಣ್ಣು ತನ್ನ ತಕ್ಕಡಿಯನ್ನೂ ಅಷ್ಟೇ ಸೂಕ್ಷ್ಮವಾಗಿ ನೋಡುವುದೇ? ಕೊಳ್ಳುವಾಗ ಒಂದು ತೂಕ, ಕೊಡುವಾಗ ಮತ್ತೊಂದು ತೂಕ ಅಚೌರ್ಯಾಣುವ್ರತಕ್ಕೆ ಅತಿಚಾರ. ತನ್ನ ದೋಷದ ಮೇಲೂ ದೃಷ್ಟಿಯನ್ನು ಕದಲದೆ ನಿಲ್ಲಿಸಬಲ್ಲವನ ಸಾಮಾಯಿಕವೇ ಸಾರ್ಥಕ.